ಸ್ಟೀಮ್ ರ‍್ಯಾಲಿ ನೋಡಿ ಬಂದ ಮೇಲೆ ಒಂದು ಪ್ರಶ್ನೆ: ನಮ್ಮೂರಿನ ಹಳೆ ರೋಡ್ ರೋಲರಿಗೆ ಪುನಃ ಬೆಂಕಿ ಹಾಕ್ಲಿಕ್ಕೆ ಆಗ್ತದಾ?

ಸ್ವರ್ಣಾತೀರ:

ಎಲ್ರಿಗೂ ನಮಸ್ಕಾರ. ನಾನು ಕಲ್ಯಾಣಪುರದವ, ರಿಟೈರ್ ಆಗಿ ನಾಲ್ಕು ವರ್ಷ ಆಯ್ತು. ಮಗಳು ಅಳಿಯ ಇಂಗ್ಲೆಂಡಿನ ಲಿಂಕನ್‌ನಲ್ಲಿ ಇದ್ದಾರೆ, ಹೋದ ವರ್ಷ ಅಲ್ಲಿಯ ಬೇಸಗೆಗೆ ಎರಡು ತಿಂಗಳು ಅವ್ರ ಮನೆಯಲ್ಲಿದ್ದೆ. ಒಂದು ಆದಿತ್ಯವಾರ ಅಳಿಯ ಬಂದು ಮಾವ ಇಲ್ಲೇ ಹತ್ರದ ಹಳ್ಳಿಯಲ್ಲಿ ಸ್ಟೀಮ್ ರ‍್ಯಾಲಿ ಉಂಟು ಬನ್ನಿ ಅಂತ ಕರ್ಕೊಂಡು ಹೋದ. ನಾನು ರೈಲ್ವೆ ಎಂಜಿನ್ ಇರ್ಬೇಕು ಅಂತ ಗ್ರಹಿಸಿದ್ದೆ. ಅಲ್ಲಿ ಹೋಗಿ ನೋಡಿದ್ರೆ ಹಳಿಯೇ ಇಲ್ಲ, ಬರೀ ಹುಲ್ಲಿನ ಗದ್ದೆ, ಅದರ ಮೇಲೆ ಇಪ್ಪತ್ತು ಇಪ್ಪತ್ತೈದು ಉಗಿ ಎಂಜಿನ್‌ಗಳು ತಮ್ಮಷ್ಟಕ್ಕೆ ನಡ್ಕೊಂಡು ಬರ್ತಾ ಇದಾವೆ, ಹಿಂದಿನ ಚಕ್ರ ನನ್ನ ತಲೆಯಷ್ಟು ಎತ್ತರ, ಬದಿಯಲ್ಲಿ ದೊಡ್ಡ ಫ್ಲೈವೀಲ್ ತಿರುಗ್ತಾ ಉಂಟು, ಎದುರಿಗೆ ಉದ್ದ ಚಿಮಣಿ. ಟ್ರ್ಯಾಕ್ಷನ್ ಎಂಜಿನ್ ಅಂತ ಹೆಸರಂತೆ. ಟ್ರ್ಯಾಕ್ಟರ್ ಬರುವ ಮೊದ್ಲು ಇವೇ ಹೊಲ ಉತ್ತದ್ದು, ಭತ್ತ ಬಡಿದ ಹಾಗೆ ಗೋಧಿ ಬಡಿದದ್ದು, ಮರ ಸಾಗಿಸಿದ್ದು ಎಲ್ಲ.

ಒಂದು ಎಂಜಿನಿನಿಂದ ಉದ್ದ ಬೆಲ್ಟ್ ಹಾಕಿ ಮರ ಕೊಯ್ಯುವ ಗರಗಸ ಓಡಿಸ್ತಿದ್ರು, ಇನ್ನೊಂದರಿಂದ ಡೈನಮೋ ತಿರುಗಿ ಬಣ್ಣ ಬಣ್ಣದ ಬಲ್ಬ್ ಉರೀತಿತ್ತು, ಹಿಂದೆ ಜಾತ್ರೆ ತಿರುಗಾಟದ ಕಂಪೆನಿಯವ್ರು ಇಂಥದ್ದನ್ನು ಇಟ್ಕೊಳ್ತಿದ್ರಂತೆ. ಕಲ್ಲಿದ್ದಲು ಹೊಗೆ ಮತ್ತು ಬಿಸಿ ಎಣ್ಣೆ ಒಟ್ಟಿಗೆ ಸೇರಿದ ಆ ವಾಸನೆ ಮೂಗಿಗೆ ಬಂದ ಕೂಡ್ಲೆ ನಂಗೆ ಅಜ್ಜಿಮನೆ ಹತ್ರದ ಕುಚ್ಚಲಕ್ಕಿ ಮಿಲ್ಲು ನೆನಪಾಗಿ ಗಂಟಲು ಕಟ್ಟಿತು. ಒಂದು ಎಂಜಿನ್ ಮೇಲೆ ಹನ್ನೆರಡು ವರ್ಷದ ಹುಡುಗಿ ಸಲಿಕೆಯಲ್ಲಿ ಕಲ್ಲಿದ್ದಲು ಹಾಕ್ತಾ ಇದ್ಲು, ಅಜ್ಜ ಪಕ್ಕದಲ್ಲಿ ನಿಂತು ಒಂದು ಮಾತೂ ಆಡದೆ ನೋಡ್ತಿದ್ರು.

ಈಗ ವಿಷಯಕ್ಕೆ ಬರ್ತೇನೆ. ಆ ಸಾಲಿನಲ್ಲಿ ಎರಡು ಉಗಿ ರೋಡ್ ರೋಲರ್ ಇತ್ತು, ಒಂದರ ಮೇಲೆ ಮಾರ್ಷಲ್, ಗೇನ್ಸ್‌ಬರೋ ಅಂತ ಹಿತ್ತಾಳೆ ಬರಹ. ಅದನ್ನು ಕಂಡ ಕೂಡ್ಲೆ ನಿಂತುಬಿಟ್ಟೆ, ಯಾಕಂದ್ರೆ ಇದೇ ಆಕಾರದ್ದು ನಮ್ಮಲ್ಲಿ ಬ್ರಹ್ಮಾವರದ ಒಳಗಡೆ ನನ್ನ ಹೆಂಡತಿಯ ಚಿಕ್ಕಪ್ಪನ ಜಾಗದಲ್ಲಿ ಮಾವಿನ ಮರದ ಅಡಿಯಲ್ಲಿ ಬಿದ್ದುಕೊಂಡು ಉಂಟು. ಅವ್ರು ಹಿಂದೆ ರೋಡ್ ಕಂಟ್ರಾಕ್ಟ್ ಮಾಡ್ತಿದ್ರು, ಯಾವುದೋ ಏಲಂನಲ್ಲಿ ತಂದದ್ದು, ಓಡಿಸ್ಲೇ ಇಲ್ಲ. ಬಳ್ಳಿ ಹಬ್ಬಿದೆ, ಚಿಮಣಿಯ ತುದಿ ತೂತಾಗಿದೆ, ಆದ್ರೆ ಚಕ್ರ, ಬಾಯ್ಲರ್, ಫ್ಲೈವೀಲ್ ಎಲ್ಲ ಇದ್ದಲ್ಲೇ ಇದೆ. ಗುಜರಿಯವ್ರು ವರ್ಷಕ್ಕೆ ಎರಡು ಸಲ ಬಂದು ಕೇಳಿ ಹೋಗ್ತಾರೆ.

ನಂಗೆ ತಿಳೀಬೇಕಾದ್ದು, ಇದನ್ನು ಪುನಃ ಉಗಿಯಲ್ಲಿ ನಡೆಸ್ಲಿಕ್ಕೆ ಸಾಧ್ಯ ಉಂಟಾ, ಅಲ್ಲಿಯ ಜನ ನೂರು ವರ್ಷದ ಬಾಯ್ಲರನ್ನು ಹೇಗೆ ಧೈರ್ಯದಲ್ಲಿ ಓಡಿಸ್ತಾರೆ, ನಾವು ಸುರು ಎಲ್ಲಿಂದ ಮಾಡ್ಬೇಕು. ಬರುವ ತಿಂಗಳು ಒಂದಿಷ್ಟು ಸೌದೆ ಹಾಕಿ ಸ್ವಲ್ಪ ಉಗಿ ಬರ್ತದಾ ನೋಡುವ ಅಂತ ಮನಸ್ಸಿನಲ್ಲಿ ಉಂಟು. ತಿಳಿದವ್ರು ಹೇಳಿ.

ಎಂಜಿನ್‌ರೂಮ್ ಮಂಗ್ಳೂರು:

ಸ್ವರ್ಣಾತೀರ ಅವ್ರೆ, ಮೊದ್ಲು ಒಂದೇ ಮಾತು, ದಯವಿಟ್ಟು ಆ ಸೌದೆ ಹಾಕುವ ಯೋಚನೆ ಬಿಟ್ಟುಬಿಡಿ. ಕಾರಣ ಕೊನೆಗೆ ಹೇಳ್ತೇನೆ. ಆದ್ರೆ ಗುಜರಿಯವ್ರಿಗೂ ಕೊಡ್ಬೇಡಿ.

ನಾನು ಹಡಗಿನಲ್ಲಿ ಎಂಜಿನಿಯರ್ ಆಗಿದ್ದವ, ನಡುವಿನಲ್ಲಿ 6 ವರ್ಷ ಇಂಗ್ಲೆಂಡಿನ ಹಲ್ ಬಂದರಿನಲ್ಲಿ ಶೋರ್ ಜಾಬ್ ಮಾಡಿದ್ದೆ. ಪಕ್ಕದ ಮನೆಯ ಮುದುಕರ ಹತ್ರ ಒಂದು ಫೌಲರ್ ಟ್ರ್ಯಾಕ್ಷನ್ ಎಂಜಿನ್ ಇತ್ತು, ಲೀಡ್ಸ್‌ನಲ್ಲಿ ಮಾಡಿದ್ದು. ಮೇಯಿಂದ ಸೆಪ್ಟೆಂಬರ್ ವರೆಗೆ ಸಿಕ್ಕಿದ ಶನಿವಾರ ಆದಿತ್ಯವಾರ ಎಲ್ಲ ಅವ್ರ ಒಟ್ಟಿಗೆ ಹೋಗ್ತಿದ್ದೆ, ಆದ್ದರಿಂದ ನೀವು ನೋಡಿದ ಗದ್ದೆಯ ಹಿಂದಿನ ಕಥೆ ನಂಗೆ ಗೊತ್ತುಂಟು.

ಜನ ಹತ್ತು ಗಂಟೆಗೆ ಬರ್ತಾರೆ, ಎಂಜಿನ್‌ನವ್ರ ದಿನ ಸುರು ಆಗುದು ಬೆಳಗ್ಗೆ ಐದೂವರೆಗೆ. ಎದ್ದು ಚಾ ಕುಡಿಯುವ ಮೊದ್ಲೇ ಗೇಜ್ ಗ್ಲಾಸಿನಲ್ಲಿ ನೀರು ಎಷ್ಟುಂಟು ನೋಡ್ಬೇಕು. ನೀರು ನೋಡದೆ ಬೆಂಕಿಕಡ್ಡಿ ಗೀರಿದವನನ್ನು ಆ ಮುದುಕರು ಎಂಜಿನ್ ಹತ್ರ ಪುನಃ ಬಿಡ್ತಿರ್ಲಿಲ್ಲ. ಆಮೇಲೆ ಎದುರಿನ ಸ್ಮೋಕ್‌ಬಾಕ್ಸ್ ಬಾಗಿಲು ತೆಗ್ದು ಟ್ಯೂಬುಗಳ ಒಳಗೆ ಬ್ರಶ್ ಹಾಕಿ ಮಸಿ ತೆಗೀಬೇಕು, ಹಿಂದಿನ ದಿನದ ಬೂದಿ ಎಳೀಬೇಕು, ಮತ್ತೆ ಎಣ್ಣೆ ಬಟ್ಟೆ, ಒಣ ಸೌದೆ, ಸಣ್ಣ ಬೆಂಕಿ. ಅವಸರ ಮಾಡುವ ಹಾಗೆ ಇಲ್ಲ, ತಣ್ಣಗಿನ ಬಾಯ್ಲರಿಗೆ ಒಮ್ಮೆಲೇ ಜೋರು ಬೆಂಕಿ ಕೊಟ್ರೆ ಒಂದು ಬದಿಯ ತಗಡು ಹಿಗ್ಗಿ ಇನ್ನೊಂದು ಬದಿ ಹಿಗ್ಗದೆ ಟ್ಯೂಬಿನ ಬುಡದಲ್ಲಿ ನೀರು ಜಿನುಗ್ತದೆ. ಉಗಿ ಏರ್ಲಿಕ್ಕೆ ಎರಡು ಮೂರು ಗಂಟೆ ಬೇಕು. ಆ ಹೊತ್ತಿನಲ್ಲಿ ಎಣ್ಣೆ ಕ್ಯಾನ್ ಹಿಡ್ಕೊಂಡು ಒಂದೊಂದೇ ಬೇರಿಂಗಿಗೆ ಎಣ್ಣೆ ಬಿಡುದು, ಹಿತ್ತಾಳೆ ಒರಸುದು. ಹೊರಡುವಾಗ ಸಿಲಿಂಡರಿನ ಕೆಳಗಿನ ಡ್ರೈನ್ ಕಾಕ್ ತೆರೆದಿಡ್ಬೇಕು, ಯಾಕಂದ್ರೆ ತಣ್ಣಗಿನ ಸಿಲಿಂಡರಿಗೆ ಹೋದ ಉಗಿ ನೀರಾಗ್ತದೆ, ನೀರನ್ನು ಪಿಸ್ಟನ್ ಒತ್ತಿ ಸಣ್ಣ ಮಾಡ್ಲಿಕ್ಕೆ ಆಗುದಿಲ್ಲ, ಸಿಲಿಂಡರ್ ಕವರೇ ಒಡೀತದೆ. ನೀವು ನೋಡಿದ ಆ ಬಿಳಿ ಹೊಗೆ ಎರಡು ಬದಿಗೆ ಬುಸ್ ಅಂತ ಹಾರುದು ಇದೇ, ಜನಕ್ಕೆ ತೋರಿಸ್ಲಿಕ್ಕೆ ಅಲ್ಲ.

ಓಡಿಸ್ಲಿಕ್ಕೆ ಇಬ್ರು ಬೇಕು. ಒಬ್ಬ ಡ್ರೈವರ್, ಸಿಲಿಂಡರಿಗೆ ಉಗಿ ಬಿಡುವ ರೆಗ್ಯುಲೇಟರ್, ಬೆಂಕಿ, ನೀರು ಅವನದ್ದು. ಇನ್ನೊಬ್ಬ ಸ್ಟೀರಿಂಗ್. ಸ್ಟೀರಿಂಗ್ ಅಂದ್ರೆ ಚೈನಿನಲ್ಲಿ ಎದುರಿನ ಆಕ್ಸಲನ್ನು ಎಳೆಯುದು, ಚಕ್ರವನ್ನು ಸುತ್ತಿ ಸುತ್ತಿ ಸುತ್ತಿ ತಿರುಗಿಸಿದ್ರೆ ಆಚೆ ತುಂಬ ನಿಧಾನ ತಿರುಗ್ತದೆ, ತಿರುವು ಬರುವ ಎಷ್ಟೋ ಮೊದ್ಲೇ ಸುರು ಮಾಡ್ಬೇಕು. ನಾನು ಎರಡು ವರ್ಷ ಬರೀ ಸ್ಟೀರಿಂಗ್ ಮಾಡಿದ್ದೆ, ಮೂರನೇ ವರ್ಷ ಸಲಿಕೆ ಕೊಟ್ರು.

ಈ ರ‍್ಯಾಲಿ ಸುರು ಆದ ಕಥೆ ಚಂದ ಉಂಟು. ಎರಡನೇ ಮಹಾಯುದ್ಧ ಮುಗಿದ ಮೇಲೆ ಎಲ್ಲ ಕಡೆ ಟ್ರ್ಯಾಕ್ಟರ್ ಬಂತು, ಈ ಎಂಜಿನ್‌ಗಳೆಲ್ಲ ಗುಜರಿಗೆ ಹೋಗ್ತಾ ಇದ್ವು. 1950ರಲ್ಲಿ ಆ್ಯಪಲ್‌ಫರ್ಡ್ ಅನ್ನುವ ಹಳ್ಳಿಯಲ್ಲಿ ಆರ್ಥರ್ ನ್ಯಾಪರ್ ಅನ್ನುವ ರೈತ ಓಲ್ಡ್ ಟೈಮರ್ ಅನ್ನುವ ತನ್ನ ಮಾರ್ಷಲ್ ಎಂಜಿನನ್ನು ಮೈಲ್ಸ್ ಚೆಟ್ವಿಂಡ್ ಸ್ಟೇಪಲ್ಟನ್ ಅನ್ನುವವರ ಲೇಡಿ ಗ್ರೋವ್ ಅನ್ನುವ ಏವ್‌ಲಿಂಗ್ ಕಂಪೆನಿಯ ಎಂಜಿನ್ ಎದುರು ಓಡಿಸಿದ್ರು, ಪಂದ್ಯ ಒಂದು ಫರ್ಕಿನ್ ಬಿಯರಿಗೆ, ಅಂದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 41 ಲೀಟರ್. ಓಲ್ಡ್ ಟೈಮರ್ ಗೆದ್ದಿತು. ನಮ್ಮಲ್ಲಿ ಕಂಬಳದ ಗದ್ದೆ ಬದಿಯಲ್ಲಿ ಎರಡು ಮನೆತನದ ಜಿದ್ದು ನೋಡ್ಲಿಕ್ಕೆ ಊರು ಸೇರ್ತದಲ್ಲ, ಹಾಗೆ ಜನ ಸೇರ್ಲಿಕ್ಕೆ ಸುರುವಾಗಿ, 1954ರಲ್ಲಿ ನ್ಯಾಶನಲ್ ಟ್ರ್ಯಾಕ್ಷನ್ ಎಂಜಿನ್ ಕ್ಲಬ್ಬೇ ಆಯ್ತು, ಈಗ ಅದು ಟ್ರಸ್ಟ್. ಉಗಿಯಲ್ಲಿ ಎಂಜಿನ್ ನಡೆಸುವವ್ರಿಗೆ ಅವ್ರು ನಿಯಮದ ಪುಸ್ತಕವನ್ನೇ ಮಾಡಿದ್ದಾರೆ, ಮಕ್ಕಳಿಗೆ ಕಲಿಸ್ಲಿಕ್ಕೆ ಬೇರೆ ಕ್ಲಬ್ ಉಂಟು. ನೀವು ನೋಡಿದ ಹುಡುಗಿ ಅಂಥ ಕಡೆಯಿಂದ ಕಲಿತವಳು ಇರ್ಬಹುದು.

ನಮ್ಮ ದೇಶಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಗ್ರಹಿಸ್ಬೇಡಿ. 1870ರ ದಶಕದಲ್ಲಿ ಪಂಜಾಬಿನ ಗ್ರ್ಯಾಂಡ್ ಟ್ರಂಕ್ ರೋಡಿನಲ್ಲಿ ಹಳಿ ಇಲ್ಲದ ಉಗಿಬಂಡಿ ಓಡಿಸ್ಲಿಕ್ಕೆ ಒಬ್ಬ ಚಿಕ್ಕ ಪ್ರಾಯದ ಮಿಲಿಟರಿ ಆಫೀಸರ್ ಹೊರಟಿದ್ದ, ಆರ್.ಇ.ಬಿ. ಕ್ರಾಂಪ್ಟನ್ ಅಂತ. ದಪ್ಪ ರಬ್ಬರ್ ಟಯರಿನ ಥಾಮ್ಸನ್ ರೋಡ್ ಸ್ಟೀಮರ್‌ಗಳು, ಇಪ್ಸ್‌ವಿಚ್‌ನಲ್ಲಿ ಕಟ್ಟಿದ್ದು, ಹೆಸರು ಚೆನಾಬ್, ರಾವಿ ಅಂತ ನದಿಗಳದ್ದು. ರಾವಿಯನ್ನು ಭಾರತಕ್ಕೆ ತರುವ ಮೊದ್ಲು 1871ರಲ್ಲಿ ಇಪ್ಸ್‌ವಿಚ್‌ನಿಂದ ಎಡಿನ್‌ಬರೋಗೆ ಹೋಗಿ ವಾಪಸ್ ರಸ್ತೆಯಲ್ಲೇ ಓಡಿಸಿ ಪರೀಕ್ಷೆ ಮಾಡಿದ್ರು. ಅದೇ ಕ್ರಾಂಪ್ಟನ್ ಆಮೇಲೆ ಕರೆಂಟಿನ ಕೆಲಸಕ್ಕೆ ಇಳಿದದ್ದು, ನಿಮ್ಮ ನಮ್ಮ ಮನೆಯ ಸೀಲಿಂಗ್ ಫ್ಯಾನ್ ಮೇಲೆ ಇರುವ ಹೆಸರು ಅವನದ್ದೇ.

ಈಗ ಸೌದೆ ಯಾಕೆ ಬೇಡ ಅಂತ. 2001ರ ಜುಲೈ 29ಕ್ಕೆ ಅಮೆರಿಕದ ಒಹಾಯೋದ ಮೆಡೈನಾ ಕೌಂಟಿ ಮೈದಾನದಲ್ಲಿ ಕೇಸ್ ಕಂಪೆನಿಯ ಒಂದು ಟ್ರ್ಯಾಕ್ಷನ್ ಎಂಜಿನ್ ಸಿಡಿದು 5 ಜನ ತೀರಿಕೊಂಡ್ರು, ಸುತ್ತ ಇದ್ದ ತುಂಬ ಜನಕ್ಕೆ ಸುಟ್ಟು ಗಾಯ ಆಯ್ತು. ಒಳಗೆ ನೀರು ಕಡಿಮೆ, ಬೆಂಕಿಯ ಮೇಲಿನ ಕ್ರೌನ್ ಶೀಟ್ ತುಕ್ಕಿನಿಂದ ತೆಳ್ಳಗೆ ಆಗಿತ್ತು, ಕರಗಿ ಕಾಪಾಡ್ಬೇಕಾದ ಸೀಸದ ಪ್ಲಗ್ ಕೆಲಸ ಮಾಡ್ಲಿಲ್ಲ. ಒಂದು ಲೀಟರ್ ನೀರು ಉಗಿ ಆದ್ರೆ ಸಾವಿರದ ಆರುನೂರು ಲೀಟರಿಗಿಂತ ಹೆಚ್ಚು ಜಾಗ ಬೇಕು ಅದಕ್ಕೆ, ಬಾಯ್ಲರ್ ಒಮ್ಮೆ ಬಾಯಿ ಬಿಟ್ರೆ ಒಳಗಿನ ಬಿಸಿನೀರಿನ ಒಂದು ಪಾಲು ಒಂದೇ ಕ್ಷಣದಲ್ಲಿ ಉಗಿಯಾಗ್ತದೆ. ನಾನು ಆ ಫೌಲರ್ ಮೇಲೆ ನಿಂತಾಗ ಪ್ರತಿ ಸಲ ಇದನ್ನು ನೆನಪು ಮಾಡ್ಕೊಳ್ತಿದ್ದೆ.

ಗೇರುಬೀಜ ಬಾಯ್ಲರ್:

ಎಂಜಿನ್‌ರೂಮ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು 22 ವರ್ಷದಿಂದ ಗೇರುಬೀಜ ಕಾರ್ಖಾನೆಯಲ್ಲಿ ಬಾಯ್ಲರ್ ಅಟೆಂಡೆಂಟ್, ಹಸಿ ಗೇರುಬೀಜ ಬೇಯಿಸ್ಲಿಕ್ಕೆ ಉಗಿ ಬೇಕಲ್ಲ ಅದು. ನಮ್ಮ ಜಿಲ್ಲೆಯಲ್ಲಿ ಕುಚ್ಚಲಕ್ಕಿ ಮಿಲ್ಲು, ಗೇರುಬೀಜ ಕಾರ್ಖಾನೆ ಸೇರಿ ಉಗಿ ಗೊತ್ತಿರುವ ಕೈಗಳು ಇನ್ನೂ ಉಂಟು, ಅದು ನಮ್ಮ ಪುಣ್ಯ, ಉಪಯೋಗ ಮಾಡ್ಕೊಳ್ಳಿ.

ಸುರುವಿಗೆ ನೀವು ಮಾಡ್ಬೇಕಾದ್ದು ಬೆಂಕಿ ಅಲ್ಲ, ಟಾರ್ಚ್. ಬಾಯ್ಲರಿನ ಕೆಳಗೆ ಬದಿಯಲ್ಲಿ ಸಣ್ಣ ಅಂಡಾಕಾರದ ಮುಚ್ಚಳ ಇರ್ತದೆ, ಮಡ್ ಹೋಲ್ ಡೋರ್ ಅಂತ. ಅದನ್ನು ತೆಗ್ದು ಒಳಗೆ ನೋಡಿ. ಬೆಂಕಿ ಉರಿಯುವ ಫೈರ್‌ಬಾಕ್ಸ್ ಸುತ್ತ ಎರಡು ತಗಡಿನ ನಡುವೆ ನೀರು ನಿಲ್ಲುವ ಸಂದು ಇದೆಯಲ್ಲ, ಅದರ ಬುಡದಲ್ಲಿ ಕೆಸರು ಕೂತು ತುಕ್ಕು ತಿಂದಿರ್ತದೆ, ಬಾಯ್ಲರ್ ಸಾಯುದು ಹೆಚ್ಚಾಗಿ ಅಲ್ಲಿಯೇ. ಆಮೇಲೆ ಅಲ್ಟ್ರಾಸೋನಿಕ್ ಮೀಟರ್ ಇರುವವ್ರನ್ನು ಕರೆಸಿ ತಗಡಿನ ದಪ್ಪ ಎಲ್ಲೆಲ್ಲಿ ಎಷ್ಟುಂಟು ಅಳೆಸಿ ಬರೆದಿಡಿ. ಎರಡು ತಗಡನ್ನು ಹಿಡಿದಿಡುವ ಸ್ಟೇ ಬೋಲ್ಟುಗಳು ಒಂದೊಂದನ್ನೂ ಸುತ್ತಿಗೆಯಲ್ಲಿ ತಟ್ಟಿ ಕೇಳ್ಬೇಕು, ಗಟ್ಟಿ ಇದ್ರೆ ಗಂಟೆಯ ಹಾಗೆ ಸ್ವರ ಬರ್ತದೆ, ಮುರಿದಿದ್ರೆ ಮಂಕು. ಇದೆಲ್ಲ ಪಾಸ್ ಆದ್ರೆ ಮಾತ್ರ ಹೈಡ್ರಾಲಿಕ್ ಟೆಸ್ಟ್, ತಣ್ಣೀರು ಪೂರ್ತಿ ತುಂಬಿಸಿ ಪಂಪಿನಲ್ಲಿ ಕೆಲಸದ ಒತ್ತಡದ ಒಂದೂವರೆ ಪಟ್ಟು ಕೊಡುದು. ತಣ್ಣೀರಿನಲ್ಲಿ ಯಾಕೆ ಅಂದ್ರೆ ನೀರು ಒತ್ತಿದ್ರೆ ಸಣ್ಣ ಆಗುದಿಲ್ಲ, ಬಿರುಕು ಬಿಟ್ರೂ ಒಂದು ಚಿಲುಮೆ ಹಾರಿ ನಿಲ್ತದೆ, ಯಾರಿಗೂ ಎಂತ ಆಗುದಿಲ್ಲ.

ಕಾನೂನು ಬೇರೆ. 1923ರ ಬಾಯ್ಲರ್ ಕಾಯ್ದೆ ಹೋಗಿ ಈಗ 2025ರದ್ದು ಬಂದಿದೆ, ಆದ್ರೆ ಮೂಲ ವಿಷಯ ಹಾಗೇ ಉಂಟು, 25 ಲೀಟರಿಗಿಂತ ದೊಡ್ಡ ಬಾಯ್ಲರಿಗೆ ರಿಜಿಸ್ಟ್ರೇಶನ್, ಇನ್ಸ್‌ಪೆಕ್ಷನ್, ಸರ್ಟಿಫಿಕೇಟ್ ಇಲ್ಲದೆ ಉಗಿ ಏರಿಸುವ ಹಾಗಿಲ್ಲ. ರಾಜ್ಯದ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯವ್ರು ನೋಡುದು ಅದನ್ನು. ಹಳೆ ರೋಲರಿನ ಮೈಮೇಲೆ ಎಲ್ಲಾದ್ರೂ ಕೊರೆದ ರಿಜಿಸ್ಟ್ರಿ ನಂಬರ್ ಇರ್ಬೇಕು, ಪೇಂಟ್ ಕೆರೆದು ಹುಡುಕಿ, ಅದು ಸಿಕ್ಕಿದ್ರೆ ಅರ್ಧ ಕೆಲಸ ಸುಲಭ.

ಇನ್ನೊಂದು ತುಂಬ ಮುಖ್ಯ. ಬಾಯ್ಲರ್ ಮೇಲೆ ಹೊರಗಿನ ತಗಡಿನ ಒಳಗೆ ಬಿಳಿ ಅಥವಾ ಬೂದು ಬಣ್ಣದ ಹತ್ತಿಯ ಹಾಗೆ, ಗಾರೆಯ ಹಾಗೆ ಇದ್ರೆ ಅದನ್ನು ಕೈಯಲ್ಲಿ ಕೀಳ್ಬೇಡಿ, ಮಕ್ಕಳನ್ನೂ ಹತ್ರ ಬಿಡ್ಬೇಡಿ. ಹಳೆ ಕಾಲದಲ್ಲಿ ಶಾಖ ಹಿಡಿಯಲಿಕ್ಕೆ ಆಸ್ಬೆಸ್ಟಾಸ್ ಹಾಕ್ತಿದ್ರು, ಅದರ ಧೂಳು ಶ್ವಾಸಕೋಶಕ್ಕೆ ವಿಷ.

ರೋಲರ್ ಡ್ರೈವರ್ ಮಗಳು:

ಈ ಥ್ರೆಡ್ ನನ್ನ ತಮ್ಮ ಕಳಿಸಿದ. ನಮ್ಮಪ್ಪ ಉಗಿ ರೋಲರ್ ಡ್ರೈವರ್ ಆಗಿದ್ರು, ಈಗ 84 ವರ್ಷ, ಕಿವಿ ಸ್ವಲ್ಪ ಮಂದ ಆದ್ರೆ ನೆನಪು ಗಟ್ಟಿ. ನಿನ್ನೆ ರಾತ್ರಿ ಊಟ ಆದ ಮೇಲೆ ಇದನ್ನೆಲ್ಲ ಅವ್ರಿಗೆ ಜೋರಾಗಿ ಓದಿ ಹೇಳಿದೆ, ಹನ್ನೊಂದೂವರೆ ತನಕ ಮಲಗ್ಲಿಲ್ಲ, ಅವ್ರು ಹೇಳಿದ್ದನ್ನು ಬರೀತೇನೆ.

ಮಳೆ ಬಿಟ್ಟ ಮೇಲೆ ರೋಡಿನ ಕೆಲಸ ಸುರು. ಜಲ್ಲಿ ಹಾಸಿ, ಮುರ ಮಣ್ಣು ಹಾಕಿ, ನೀರು ಬಿಟ್ಟು ರೋಲರ್ ಹೋಗ್ಬೇಕು, ಅಂಚಿನಿಂದ ಸುರು ಮಾಡಿ ನಡುವಿಗೆ, ನಡುವಿನಿಂದ ಅಂಚಿಗೆ ಹೋದ್ರೆ ಜಲ್ಲಿ ಹೊರಗೆ ಜಾರ್ತದೆ ಅಂತೆ. ಅಪ್ಪ ಬೆಳಗ್ಗಿನ ಜಾವ ನಾಲ್ಕಕ್ಕೆ ಎದ್ದು ಬೆಂಕಿ ಹಾಕ್ತಿದ್ರು, ರೋಡ್ ಬದಿಯ ಡೇರೆಯಲ್ಲೇ ವಾಸ. ನಾವು ಮಕ್ಕಳು ರಜೆಯಲ್ಲಿ ಹೋದ್ರೆ ಬಾಯ್ಲರಿನ ಬಿಸಿನೀರು ಒಂದು ಬಕೆಟ್ ಬಿಟ್ಟು ಸ್ನಾನ ಮಾಡಿಸ್ತಿದ್ರು, ಸ್ವಲ್ಪ ಎಣ್ಣೆ ವಾಸನೆ ಬರ್ತಿತ್ತು. ಊರಿಗೆ ರೋಲರ್ ಬಂತು ಅಂದ್ರೆ ಶಾಲೆಯ ಮಕ್ಕಳೆಲ್ಲ ಬೇಲಿ ಬದಿಯಲ್ಲಿ, ಅಪ್ಪ ಸೀಟಿ ಊದಿದ್ರೆ ಎಲ್ಲ ಒಮ್ಮೆಲೇ ಓಡಿ ಹೋಗಿ ಪುನಃ ಬರುದು.

ಅಪ್ಪ ಹೇಳಿದ್ದರಲ್ಲಿ ನಂಗೆ ಇಷ್ಟು ವರ್ಷ ಗೊತ್ತೇ ಇಲ್ಲದ ಒಂದು ವಿಷಯ ಆಗುಂಬೆ ಘಾಟಿಯದ್ದು. ಒಮ್ಮೆ ರೋಲರನ್ನು ಮೇಲಿನಿಂದ ಸೋಮೇಶ್ವರಕ್ಕೆ ಇಳಿಸ್ಬೇಕಿತ್ತು, ಆ 14 ಹೇರ್‌ಪಿನ್ ತಿರುವು. ನಾವೆಲ್ಲ ಬ್ರೇಕಿನ ಹೆದರಿಕೆ ಅಂತ ಗ್ರಹಿಸ್ತೇವೆ, ಅಪ್ಪನಿಗೆ ಹೆದರಿಕೆ ನೀರಿನದ್ದು. ರೋಲರಿನ ಬೆಂಕಿ ಇರುದು ಹಿಂದೆ, ಡ್ರೈವರಿನ ಕಾಲ ಬುಡದಲ್ಲಿ. ಮೂತಿ ಕೆಳಗೆ ಮಾಡಿ ಇಳಿಯುವಾಗ ಬಾಯ್ಲರ್ ಒಳಗಿನ ನೀರೆಲ್ಲ ಎದುರಿಗೆ ಓಡ್ತದೆ, ಹಿಂದೆ ಬೆಂಕಿಯ ಮೇಲಿನ ತಗಡು ನೀರಿಲ್ಲದೆ ಬರಿದಾಗ್ತದೆ. ಸಮದಲ್ಲಿ ಗ್ಲಾಸಿನಲ್ಲಿ ಅರ್ಧ ತೋರಿಸಿದ ನೀರು ಇಳಿಜಾರಿನಲ್ಲಿ ಕಾಣುದೇ ಇಲ್ಲ. ಅದಕ್ಕೆ ಘಾಟಿ ಇಳಿಯುವ ಮೊದ್ಲು ನಿಲ್ಲಿಸಿ ಮುಕ್ಕಾಲಿಗಿಂತ ಮೇಲೆ ನೀರು ತುಂಬಿಸಿ, ಬೆಂಕಿ ಸಣ್ಣ ಮಾಡಿ, ಗೇರಿನಲ್ಲೇ ಇಟ್ಟು, ಎದುರಿನವ ಮರದ ಅಡೆ ಹಿಡ್ಕೊಂಡು ಪಕ್ಕದಲ್ಲಿ ನಡೀತಾ ಇಳಿಸ್ತಿದ್ರಂತೆ. ಇಳಿಜಾರಿನಲ್ಲಿ ಗೇರ್ ತಪ್ಪಿಸಿದ್ರೆ ಅದನ್ನು ದೇವ್ರೂ ನಿಲ್ಲಿಸ್ಲಿಕ್ಕಿಲ್ಲ ಅಂತ ಎರಡು ಸಲ ಹೇಳಿದ್ರು. ಆ ದಿನ ಕೆಳಗೆ ಮುಟ್ಟುವಾಗ ಕತ್ತಲೆ ಆಗಿತ್ತು, ಮೊದ್ಲು ಬೆಂಕಿ ಎಳೆದು ಹಾಕಿ ಆಮೇಲೆ ಕೂತದ್ದಂತೆ.

ಸ್ವರ್ಣಾತೀರ ಅವ್ರೆ, ಅಪ್ಪ ಕೇಳ್ತಿದ್ದಾರೆ, ಎದುರಿನ ತಲೆಯ ಮೇಲೆ ಕುದುರೆ ಉಂಟಾ ಇಲ್ಲ ಕೂತ ಹೆಂಗಸು ಉಂಟಾ? ಮತ್ತೆ ಸೀಸದ ಪ್ಲಗ್ ಇನ್ನೂ ಇದೆಯಾ?

ಕುಂದಾಪ್ರ ಹುಡ್ಗ:

ಹ್ವಾಯ್, ನಂದೊಂದ್ ಸಣ್ಣ ಪ್ರಶ್ನಿ. ಬಾಯ್ಲರಿಗೆ ಬೆಂಕಿ ಹಾಕುದೇ ಬ್ಯಾಡ, ಕಂಪ್ರೆಸರ್ ಗಾಳಿ ಕೊಟ್ರೆ ಎಂಜಿನ್ ತಿರ್ಗತ್ತಲ್ದಾ? ವಿಡಿಯೋದಂಗೆ ಕಂಡಿದ್ದೆ. ಮತ್ತೆ ಕಲ್ಲಿದ್ಲು ನಮ್ಮ್ ಬದಿಯಂಗೆ ಎಲ್ ಸಿಕ್ಕತ್ತ್, ತೆಂಗಿನ್ ಗೆರ್ಟಿ ಹಾಕುಕೆ ಆತ್ತಿಲ್ಯಾ?

ಎಂಜಿನ್‌ರೂಮ್ ಮಂಗ್ಳೂರು:

ಗಾಳಿಯಲ್ಲಿ ತಿರುಗ್ತದೆ, ಒಳ್ಳೆ ಯೋಚನೆ, ಅಲ್ಲಿಯೂ ರಿಪೇರಿ ಮುಗಿದ ಮೇಲೆ ಸುರುವಿಗೆ ಹಾಗೆ ಮಾಡಿ ನೋಡುವವ್ರು ಇದ್ದಾರೆ. ಆದ್ರೆ ಗಾಳಿಯನ್ನು ಬಾಯ್ಲರಿಗೆ ತುಂಬಿಸ್ಲೇಬಾರ್ದು. ಗಾಳಿ ಸ್ಪ್ರಿಂಗಿನ ಹಾಗೆ ಒತ್ತಡ ಹಿಡಿದಿಡ್ತದೆ, ತುಕ್ಕು ಹಿಡಿದ ಬಾಯ್ಲರ್ ಒಡೆದ್ರೆ ಅದೂ ಬಾಂಬೇ. ಬಾಯ್ಲರಿನಿಂದ ಸಿಲಿಂಡರಿಗೆ ಹೋಗುವ ದಾರಿಯನ್ನು ಪೂರ್ತಿ ಮುಚ್ಚಿ, ಸಿಲಿಂಡರಿಗೆ ಮಾತ್ರ ನೇರ ಕೊಡ್ಬೇಕು, ಅದೂ ಕಡಿಮೆ ಒತ್ತಡದಲ್ಲಿ, ಮೊದ್ಲು ಎಲ್ಲ ಕಡೆ ಎಣ್ಣೆ ಹಾಕಿ ಫ್ಲೈವೀಲನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿದ ಮೇಲೆ.

ಗೆರಟೆ ಚಂದ ಉರೀತದೆ, ಬಿಸಿಯೂ ಜೋರು, ಆದ್ರೆ ಬೇಗ ಮುಗೀತದೆ, ಒಬ್ಬ ಹಾಕ್ತಲೇ ಇರ್ಬೇಕು. ಚಿಮಣಿಗೆ ಹೋಗುವ ಉಗಿಯೇ ಬೆಂಕಿಯನ್ನು ಎಳೆಯುದಲ್ಲ, ಹಗುರ ಕಿಡಿ ಒಟ್ಟಿಗೆ ಹಾರ್ತದೆ, ಬೈಹುಲ್ಲಿನ ಮೆದೆ ಪಕ್ಕದಲ್ಲಿ ಬೇಡ. ಬೆಂಕಿ ಹೊತ್ತಿಸ್ಲಿಕ್ಕೆ ಗೆರಟೆ, ಆಮೇಲೆ ಗಟ್ಟಿ ಮರದ ಸೌದೆ ಮಾಡ್ಬಹುದು. ಇಂಗ್ಲೆಂಡಿನಲ್ಲಿಯೂ ಈಗ ವೇಲ್ಸ್‌ನ ಗಣಿಗಳು ಮುಚ್ಚಿ ಒಳ್ಳೆ ಸ್ಟೀಮ್ ಕಲ್ಲಿದ್ದಲು ಸಿಗುದು ಕಷ್ಟ ಆಗಿದೆ, ಒತ್ತಿ ಮಾಡಿದ ಉಂಡೆಯ ಹಾಗಿನ ಇಂಧನ ಹಾಕಿ ನೋಡ್ತಿದ್ದಾರೆ.

ಕುದುರೆಯ ಬಗ್ಗೆ ಅಪ್ಪ ಕೇಳಿದ್ದು ಎಷ್ಟು ಸರಿಯಾದ ಪ್ರಶ್ನೆ! ಎರಡು ಕಾಲಲ್ಲಿ ನಿಂತ ಕುದುರೆ ಇದ್ರೆ ಏವ್‌ಲಿಂಗ್, ಕೆಂಟ್ ಪ್ರಾಂತ್ಯದ ಗುರುತು ಅದು, ರಾಚೆಸ್ಟರ್ ಕಾರ್ಖಾನೆ. ಹೆಂಗಸು ಅಂದ್ರೆ ಬ್ರಿಟಾನಿಯಾ, ಮಾರ್ಷಲ್‌ನವರದ್ದು, ಅವ್ರ ಕಾರ್ಖಾನೆಯ ಹೆಸರೇ ಬ್ರಿಟಾನಿಯಾ ಐರನ್ ವರ್ಕ್ಸ್. ಇನ್ನೊಂದು ಸಾಧ್ಯತೆ, 1948ರಿಂದ ಟಾಟಾದವ್ರು ಮಾರ್ಷಲ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಉಗಿ ರೋಲರ್ ಮಾಡಿದ್ದಾರೆ, ಲಾರಿ ಮಾಡುವ ಮೊದ್ಲು. ನಿಮ್ಮದು ಅದೇ ಆಗಿದ್ರೆ ನಂಗೆ ಗೇನ್ಸ್‌ಬರೋದ್ದಕ್ಕಿಂತ ಜಾಸ್ತಿ ಸಂತೋಷ.

ಸಣ್ಣ ಉಗಿ:

ನಾನು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಓದ್ತಾ ಇದ್ದೇನೆ, ಮನೆಯಲ್ಲಿ ಸಣ್ಣ ಉಗಿ ಎಂಜಿನ್ ಮಾಡುವ ಹುಚ್ಚು. ರ‍್ಯಾಲಿಯಲ್ಲಿ ದೊಡ್ಡವುಗಳ ಜೊತೆ ಮಿನಿಯೇಚರ್ ಸಾಲು ಒಂದು ಇರ್ತದಲ್ಲ, ಒಂದು ಅಡಿಗೆ ನಾಲ್ಕು ಇಂಚಿನ ಲೆಕ್ಕದಲ್ಲಿ ಮಾಡಿದ್ದು, ಅದರ ಮೇಲೆ ಕೂತು ಓಡಿಸ್ಬಹುದು, ನನ್ನ ಆಸೆ ಅದು. ಈಗ ಇರುದು ಸೋದರಮಾವ ಕೊಟ್ಟ ಬರ್ಮಿಂಗ್‌ಹ್ಯಾಮ್‌ನ ಮಾಮಾಡ್ ಆಟಿಕೆ ಎಂಜಿನ್, ಅಂಗೈಗಿಂತ ಸ್ವಲ್ಪ ದೊಡ್ಡದು. ಅದರಲ್ಲೇ ಕಲಿತದ್ದು ತುಂಬ.

ಒಂದು ಡೌಟ್ ಇತ್ತು, ಸೀಸದ ಪ್ಲಗ್ ದಿನಾ ಬೆಂಕಿಯ ಮೇಲೇ ಇದ್ದೂ ಯಾಕೆ ಕರಗುದಿಲ್ಲ ಅಂತ. ಲೆಕ್ಕ ಹಾಕಿದಾಗ ಅರ್ಥ ಆಯ್ತು. ಚದರ ಸೆಂಟಿಮೀಟರಿಗೆ ಸುಮಾರು 12 ಕೆಜಿ ಒತ್ತಡದಲ್ಲಿ ನೀರು 190 ಡಿಗ್ರಿ ಹತ್ರ ಕುದೀತದೆ, ಸೀಸ ಕರಗ್ಲಿಕ್ಕೆ 327 ಬೇಕು. ಮೇಲೆ ನೀರು ಇರುವ ತನಕ ಆ ನೀರೇ ಶಾಖ ಎಳ್ಕೊಂಡು ಪ್ಲಗ್ಗನ್ನು ತಂಪಾಗಿ ಇಡ್ತದೆ, ನೀರು ಇಳಿದ ಕೂಡ್ಲೆ ಸೀಸ ಕರಗಿ ಉಗಿ ಕೆಳಗೆ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸ್ತದೆ. ಆದ್ರೆ ಪ್ಲಗ್ ಮೇಲೆ ಗಟ್ಟಿ ಪದರ ಕಟ್ಟಿದ್ರೆ ಸೀಸ ಕರಗಿದ್ರೂ ದಾರಿ ತೆರೆಯದೆ ಹೋಗ್ಬಹುದು, ಅದಕ್ಕೆ ಆಗಾಗ ತೆಗ್ದು ನೋಡಿ ಹೊಸದು ಹಾಕುದು. ರೋಲರ್ ಡ್ರೈವರ್ ಅಜ್ಜ ಕೇಳಿದ ಪ್ರಶ್ನೆಯ ಅರ್ಥ ಅದು. ನಾನು ಆ ಅಜ್ಜನನ್ನು ಒಮ್ಮೆ ಭೇಟಿ ಆಗ್ಬಹುದಾ ಅಕ್ಕ? ಅವ್ರು ಹೇಳುದೆಲ್ಲ ರೆಕಾರ್ಡ್ ಮಾಡಿ ಇಡ್ಬೇಕು, ನಮ್ಮ ಕಾಲೇಜಿನಲ್ಲಿ ಬಾಯ್ಲರ್ ಪಾಠ ಉಂಟು, ಆದ್ರೆ ಘಾಟಿಯಲ್ಲಿ ನೀರು ಎದುರಿಗೆ ಓಡುದನ್ನು ಯಾರೂ ಹೇಳ್ಲಿಲ್ಲ.

ಗೇರುಬೀಜ ಬಾಯ್ಲರ್:

ನೀರಿನ ಬಗ್ಗೆ ಒಂದು ಸೇರಿಸ್ತೇನೆ. ನಮ್ಮ ಮುರಕಲ್ಲಿನ ಬಾವಿನೀರು ಮೆದು, ಪದರ ಕಟ್ಟುದು ಕಮ್ಮಿ, ಆದ್ರೆ ಸ್ವಲ್ಪ ಹುಳಿ ಗುಣ ಇರ್ತದೆ, ಹಾಗೇ ಹಾಕಿದ್ರೆ ಒಳಗಿನಿಂದ ಕಬ್ಬಿಣ ತಿಂತದೆ. ಸಮುದ್ರದ ಹತ್ರದ ಬಾವಿ ಆದ್ರೆ ಉಪ್ಪು ಬೇರೆ. ಪಿಎಚ್ ನೋಡಿ ಮದ್ದು ಹಾಕಿದ ನೀರೇ ಬಾಯ್ಲರಿಗೆ. ಮತ್ತೆ ಮಳೆಗಾಲಕ್ಕೆ ಮೊದ್ಲು ಬಾಯ್ಲರ್ ಒಳಗೆ ಪೂರ್ತಿ ಒಣಗಿಸಿ, ಒಂದು ತಟ್ಟೆಯಲ್ಲಿ ಅರಳದ ಸುಣ್ಣದ ಕಲ್ಲು ಇಟ್ಟು ಎಲ್ಲ ಬಾಗಿಲು ಮುಚ್ಚಿ, ಸುಣ್ಣ ಒಳಗಿನ ತೇವ ಎಳ್ಕೊಳ್ತದೆ. ಚಿಮಣಿಯ ಬಾಯಿಗೆ ಒಂದು ತಗಡಿನ ಮುಚ್ಚಳ ಇವತ್ತೇ ಹಾಕಿ, ಅದಕ್ಕೆ ಸರ್ಟಿಫಿಕೇಟ್ ಬೇಡ.

ಸ್ವರ್ಣಾತೀರ:

ಎಲ್ರಿಗೂ ತುಂಬ ಉಪಕಾರ ಆಯ್ತು, ಸೌದೆಯ ಯೋಚನೆ ಬಿಟ್ಟಿದ್ದೇನೆ. ನಿನ್ನೆ ಬ್ರಹ್ಮಾವರಕ್ಕೆ ಹೋಗಿ ಬೆಳಗ್ಗಿನಿಂದ ಸಂಜೆ ತನಕ ಕತ್ತಿಯಲ್ಲಿ ಬಳ್ಳಿ ಕಡಿದೆ. ಫೈರ್‌ಬಾಕ್ಸ್ ಬಾಗಿಲು ತೆಗೆದ್ರೆ ಒಳಗೆ ಕಣಜದ ಗೂಡು, ಅದರ ಹಿಂದೆ ಒಂದು ಬುಟ್ಟಿಯಷ್ಟು ಹಳೆ ಬೂದಿ, ಕೊನೆಯ ಸಲ ಬೆಂಕಿ ಹಾಕಿದವ್ರು ಎಳೆಯದೆ ಹೋಗಿದ್ದಾರೆ. ಎದುರಿನ ತಲೆಯ ಮೇಲೆ ಕುದುರೆಯೂ ಇಲ್ಲ ಹೆಂಗಸೂ ಇಲ್ಲ, ಎರಡು ಬೋಲ್ಟಿನ ತೂತು ಮಾತ್ರ, ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಆದ್ರೆ ಸಿಲಿಂಡರ್ ಬದಿಯಲ್ಲಿ ದಪ್ಪ ಪೇಂಟಿನ ಅಡಿಯಲ್ಲಿ ಒಂದು ಪ್ಲೇಟ್ ಉಂಟು, ತೆಂಗಿನೆಣ್ಣೆ ಹಾಕಿ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಜಮ್ಶೆಡ್‌ಪುರ ಅನ್ನುದು ಓದ್ಲಿಕ್ಕೆ ಆಯ್ತು. ನಂಬರ್ ಇನ್ನೂ ಸರಿ ಕಾಣುದಿಲ್ಲ. ಎಂಜಿನ್‌ರೂಮ್ ಅವ್ರೆ, ನಿಮಗೆ ಸಂತೋಷ ಆಗ್ಬೇಕು.

ಚಿಕ್ಕಪ್ಪ ಗುಜರಿಯವ್ರಿಗೆ ಇನ್ನು ಗೇಟಿನ ಒಳಗೆ ಬರ್ಬೇಡಿ ಅಂತ ಹೇಳಿದ್ರು. ಚಿಮಣಿಗೆ ಮುಚ್ಚಳ ಹಾಕಿದ್ದೇನೆ, ಸದ್ಯಕ್ಕೆ ಬಿಸ್ಕಿಟ್ ಡಬ್ಬದ್ದು.

ಮೇಲಿನ ಬಿಳಿ ಗಾರೆಯನ್ನು ಮುಟ್ಲಿಲ್ಲ, ಪ್ಲಾಸ್ಟಿಕ್ ಹೊದೆಸಿದ್ದೇನೆ. ಪ್ಲಗ್ ಎಲ್ಲಿರ್ತದೆ ಅಂತ ನಂಗೆ ಗೊತ್ತಾಗ್ಲಿಲ್ಲ. ಬರುವ ಆದಿತ್ಯವಾರ ಯಾರಿಗೆಲ್ಲ ಬರ್ಲಿಕ್ಕೆ ಆಗ್ತದೆ? ಅಪ್ಪನನ್ನು ಕರ್ಕೊಂಡು ಬರುದಾದ್ರೆ ನಾನೇ ಕಾರಲ್ಲಿ ಬಂದು ಕರ್ಕೊಂಡು ಹೋಗ್ತೇನೆ, ಮರದ ಅಡಿ ಕುರ್ಚಿ ಹಾಕಿಸ್ತೇನೆ, ಮಧ್ಯಾಹ್ನದ ಊಟ ನಮ್ಮಲ್ಲೇ.

ರೋಲರ್ ಡ್ರೈವರ್ ಮಗಳು:

ಅಪ್ಪ ಬರ್ತಾರೆ. ಖಾಕಿ ಶರ್ಟ್ ಇಸ್ತ್ರಿಗೆ ಕೊಟ್ಟಾಗಿದೆ. ಪ್ಲಗ್ ಫೈರ್‌ಬಾಕ್ಸಿನ ಒಳಗೆ ತಲೆ ಹಾಕಿ ಮೇಲೆ ನೋಡಿದ್ರೆ ನಡುವಿನಲ್ಲಿ ಕಾಣ್ತದಂತೆ, ಕಣಜದ ಗೂಡು ತೆಗ್ಸಿ ಇಡಿ, ಅವ್ರೇ ನೋಡ್ತಾರೆ. ರೋಲರ್ ಯಾವ ಬದಿಗೆ ಓರೆಯಾಗಿ ನಿಂತಿದೆ ಅಂತ ಕೇಳ್ತಿದ್ದಾರೆ, ಹಿಂದೆ ತಗ್ಗಾಗಿದ್ರೆ ಇಷ್ಟು ವರ್ಷದ ಕೆಸರು ನೀರು ಫೈರ್‌ಬಾಕ್ಸ್ ಬದಿಗೇ ನಿಂತಿರ್ತದೆ ಅಂತೆ.

ಸಣ್ಣ ಉಗಿ:

ನಾನೂ ಬರ್ತೇನೆ. ಟಾರ್ಚ್, ಸುತ್ತಿಗೆ, ರೆಕಾರ್ಡ್ ಮಾಡ್ಲಿಕ್ಕೆ ಮೈಕ್ ತರ್ತೇನೆ. ಬ್ರಹ್ಮಾವರ ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ?